ಕೆಂಡ ಹಿಡಿಯುವ ಕೈಗೆ ಏನು ಕೊಡಲಿ

ಬದನೆಕಾಯಿಯನ್ನು ಕೆಂಡದ ಮೇಲಿಟ್ಟಾಗ ಅದು ಮೊದಲು ಸುಮ್ಮನಿರುತ್ತದೆ. ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಹಾಗೆ, ಮೈಯೆಲ್ಲ ಮಿರಿಮಿರಿ ಮಿಂಚಿಸಿಕೊಂಡು, ಯಾರ ಮಾತಿಗೂ ತಲೆಯಾಡಿಸದೆ ಕೂತಿರುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಸಿಪ್ಪೆ ಬಿರಿದು, ಸಣ್ಣಗೆ ಸುಯ್ಯೆಂದು ಉಸಿರು ಬಿಟ್ಟು, ನೋಡನೋಡುತ್ತಲೇ ಬಿಂಕವನ್ನೆಲ್ಲ ಕಳೆದುಕೊಂಡು ಮೆತ್ತಗಾಗಿ ಒಂದು ಮಗ್ಗುಲಿಗೆ ಒರಗುತ್ತದೆ. ಆ ಒರಗುವ ಗಳಿಗೆಯನ್ನು ಕಾಯುತ್ತ ಕೂಡುವುದಕ್ಕಿಂತ ದೊಡ್ಡ ಸುಖ ಈ ಭೂಮಿಯ ಮೇಲಿಲ್ಲ ಎಂದು ನಂಬಿದ ಹಿರಿಯರೊಬ್ಬರು ನಮ್ಮ ಮನೆತನದಲ್ಲಿದ್ದಾರೆ. ಅವರಿಗೆ ಏನಾದರೊಂದು ಉಡುಗೊರೆ ಕೊಡಬೇಕಾಗಿ ಬಂತು. ಏನು ಕೊಡಲಿ ಎಂದು ನಗುನಗುತ್ತಲೇ ಹುಡುಕಲು ಕೂತವನು ನಾನು. ಹುಡುಕುತ್ತ ಹುಡುಕುತ್ತ ಎಂಥ ಅಂಜಿಕೆಯೊಳಗೆ ಕಾಲಿಟ್ಟೆ ಎಂಬುದನ್ನು ನಿಮ್ಮ ಮುಂದೆ ಹೇಳಿಕೊಂಡರೆ ಎದೆಯ ಭಾರ ಚೂರು ಇಳಿದೀತು ಅನ್ನಿಸುತ್ತದೆ.

ಆ ಹಿರಿಯರು ನಮ್ಮಪ್ಪನ ತಮ್ಮ, ಸೂಡಿಯ ಈರಪ್ಪ ಕಾಕಾ. ಅರವತ್ತರ ಅಂಚಿನ ವಯಸ್ಸು, ಎರೆಹೊಲದ ಒಕ್ಕಲುತನ, ತಲೆಗೆ ರುಮಾಲು, ರಕ್ತದಲ್ಲಿ ಸಕ್ಕರೆ, ಬಾಯಲ್ಲಿ ಸಕ್ಕರೆಗಿಂತ ಸಿಹಿಯಾದ ಬೈಗುಳ. ಅವರ ಹಿತ್ತಲಿನಲ್ಲಿ ಅರ್ಧಕ್ಕೆ ಕೊಯ್ದ ಡಾಂಬರಿನ ಡ್ರಮ್ಮೊಂದು ನಾಲ್ಕು ಕಲ್ಲುಗಳ ಮೇಲೆ ಅಂಗಾತ ಮಲಗಿದೆ. ಅದರ ಮೇಲೆ, ಎಂದೋ ಸತ್ತುಹೋದ ಕೂಲರಿನ ಕಬ್ಬಿಣದ ಜಾಳಿಗೆ. ಪಟ್ಟಣದವರು ಇಂಥದ್ದಕ್ಕೆ ಬಾರ್ಬೆಕ್ಯೂ ಅನ್ನುತ್ತಾರೆ. ಕಾಕಾನ ಹೆಂಡತಿ, ನಮ್ಮ ಗಿರಿಜಾ ಚಿಗವ್ವ, 'ನನ್ನ ಸವತಿ' ಅನ್ನುತ್ತಾಳೆ. ವಾರಕ್ಕೆ ಮೂರು ಸಂಜೆ ಕಾಕಾ ಈ ಸವತಿಯ ಮುಂದೆ ಮಣೆ ಹಾಕಿಕೊಂಡು ಕೂತು ಬದನೆಕಾಯಿ, ಉಳ್ಳಾಗಡ್ಡಿ, ಗೆಣಸು, ಗೋವಿನಜೋಳದ ತೆನೆ, ಹಸಿಮೆಣಸಿನಕಾಯಿ ಸುಡುತ್ತಾರೆ. ಮಾಂಸ ಮುಟ್ಟದ ಮನೆತನವಾದ್ದರಿಂದ ನಮ್ಮಲ್ಲಿ ಬೆಂಕಿಗೆ ಬೀಳುವ ಭಾಗ್ಯ ಕಾಯಿಪಲ್ಲೆಗೆ ಮಾತ್ರ. ಮೊನ್ನೆ ಫೋನಿನಲ್ಲಿ ಯಾರೋ ಪನೀರನ್ನು ಕಡ್ಡಿಗೆ ಚುಚ್ಚಿ ಸುಡುವುದನ್ನು ನೋಡಿ ಅದನ್ನೂ ಮಾಡಿದರು. ಒಂದು ತುಂಡು ಅಗಿದು, "ಸುಟ್ಟ ರಬ್ಬರ ಇದಕ್ಕಿಂತ ಚಲೋ ಇರತೈತಿ" ಎಂದು ತೀರ್ಪು ಕೊಟ್ಟು ಮತ್ತೆ ಬದನೆಕಾಯಿಗೆ ಮರಳಿದರು.

ಪ್ರತಿವರ್ಷ ಬಿಳಿಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಕಾಕಾ ನಮ್ಮನ್ನೆಲ್ಲ ಹೊಲಕ್ಕೆ ಕರೆಯುತ್ತಾರೆ, ಸೀತನಿ ತಿನ್ನುವುದಕ್ಕೆ. ಎಳೆಯ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ ಸುಟ್ಟು, ಗೋಣಿತಟ್ಟಿನ ಮೇಲೆ ತಿಕ್ಕಿ ಕಾಳು ಬಿಡಿಸಿ, ಬೆಲ್ಲ ಮತ್ತು ಶೇಂಗಾ ಚಟ್ನಿಯ ಜೊತೆ ಬಿಸಿಬಿಸಿಯಾಗಿ ಮುಕ್ಕುವ ಆ ಊಟಕ್ಕೆ ರೋಣ, ನರಗುಂದ, ಹೊಳೆಆಲೂರಿನಿಂದ ನೆಂಟರು ಬೈಕಿನ ಮೇಲೆ ಮೂವರು ಮೂವರಾಗಿ ಬರುತ್ತಾರೆ. ಈ ವರ್ಷ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರಿಗೋ ನಾಚಿಕೆ ಹುಟ್ಟಿತು: ವರ್ಷಾವರ್ಷಾ ಹೋಗಿ ತಿಂದು ಕೈ ಒರೆಸಿಕೊಂಡು ಬರುತ್ತೇವೆ, ಈ ಸಲ ಕಾಕಾನಿಗೆ ಅವರ ಹುಚ್ಚಿಗೆ ತಕ್ಕ ಸಾಮಾನೊಂದನ್ನು ಕೊಡೋಣ ಎಂದು. ನಮ್ಮ ಕಡೆ ಉಡುಗೊರೆಯೆಂದರೆ ಬಟ್ಟೆಯೇ. ಬೆಂಕಿಯ ಮುಂದೆ ಕೂಡುವವರಿಗೆ ಬಟ್ಟೆ ಕೊಟ್ಟು ಏನು ಮಾಡುವುದು? ಹೊಸ ವಿಚಾರ ಮಾಡುವ ಕೆಲಸ ಇಡೀ ಮನೆತನದಲ್ಲಿ ಹೆಚ್ಚು ಬಿಡುವಿರುವವನ ಕೊರಳಿಗೆ ಬಿತ್ತು. ಅವನು ಯಾರೆಂದು ಗುಂಪಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಫೋನಿನಲ್ಲಿ ಹುಡುಕಿದೆ. ಜಗತ್ತು ಸುಡುವ ವಿಷಯದಲ್ಲಿ ಬಹಳ ಮುಂದುವರಿದಿದೆ, ಗೆಳೆಯರೇ. ಎದೆಯ ಮೇಲೆ 'ಅಡುಗೆಯ ಅರಸ' ಎಂದು ಬರೆದ ಮೇಲಂಗಿಯಿದೆ. ಕಾಕಾ ಅದನ್ನು ಕಟ್ಟಿಕೊಂಡರೆ ಮರುದಿನ ಅದು ಚಿಗವ್ವನ ಕೈಯಲ್ಲಿ ಒಲೆ ಒರೆಸುವ ಅರಿವೆಯಾಗುತ್ತದೆ. ಒಳಗೆ ಚುಚ್ಚಿದರೆ ಎಷ್ಟು ಬೆಂದಿದೆ ಎಂದು ಅಂಕಿ ತೋರಿಸುವ ಸೂಜಿಯಿದೆ. ಕಾಕಾನಿಗೆ ಬದನೆಕಾಯಿ ಬೆಂದದ್ದು ಅದರ ಉಸಿರಿನಿಂದ ತಿಳಿಯುತ್ತದೆ, ಗೆಣಸು ಬೆಂದದ್ದು ನೆರೆಮನೆಯ ನಾಯಿಯ ಬಾಲದಿಂದ ತಿಳಿಯುತ್ತದೆ. ಹೊಗೆಗೆ ಪರಿಮಳ ಬರಲೆಂದು ಸೇಬಿನ ಮರದ ಚಕ್ಕೆಗಳು ಡಬ್ಬಿಯಲ್ಲಿ ಬರುತ್ತವೆಯಂತೆ. ಜಾಲಿಯ ಇದ್ದಿಲು ಯಾವ ಹೊತ್ತಿಗೆ, ತೊಗರಿಕಟ್ಟಿಗೆ ಯಾವ ಹೊತ್ತಿಗೆ, ಎಮ್ಮೆಯ ಕುಳ್ಳು ಯಾವ ಹೊತ್ತಿಗೆ ಎಂದು ಪಂಚಾಂಗದ ಹಾಗೆ ಹೇಳಬಲ್ಲವರಿಗೆ ಡಬ್ಬಿಯಲ್ಲಿ ಕಟ್ಟಿಗೆ ಕೊಡುವುದೆಂದರೆ ಹೊಳೆಯ ದಂಡೆಯ ಮೇಲೆ ಕೂತವರಿಗೆ ಬಾಟಲಿಯಲ್ಲಿ ನೀರು ಕೊಟ್ಟಂತೆ. ಹೀಗೆ ಒಂದೊಂದನ್ನೇ ಗೇಲಿ ಮಾಡುತ್ತ ಪಟ್ಟಿಯ ತುದಿಗೆ ಬಂದೆ. ಅಲ್ಲಿ ಎರಡು ಸಾಮಾನುಗಳಿದ್ದವು: ಉದ್ದ ಹಿಡಿಕೆಯ ಇಕ್ಕಳ, ಮತ್ತು ಬಿಸಿ ತಡೆಯುವ ಕೈಗವಸು. ನನ್ನ ಬೆರಳು ಅಲ್ಲಿ ನಿಂತಿತು. ನಗುವೂ ಅಲ್ಲೇ ನಿಂತಿತು. ಯಾಕೆಂದು ಹೇಳಬೇಕಾದರೆ ಮೊದಲು ನನ್ನ ಚಟವನ್ನು ಹೇಳಬೇಕು.

ಗಜೇಂದ್ರಗಡದ ಪ್ಯಾಟಿಯಲ್ಲಿ ನಮ್ಮದು ಸೀರೆ ಅಂಗಡಿ. ಗಿರಾಕಿಗಳ ಮುಂದೆ ಸೀರೆಯ ಮಡಿಕೆ ಬಿಚ್ಚುವುದು ನನ್ನ ಕೆಲಸ. ಗಿರಾಕಿಗಳು ಹೋದ ಮೇಲೆ ಅವರ ಮಡಿಕೆಯನ್ನೇ ಬಿಚ್ಚುವುದು ನನ್ನ ಚಟ. ಯಾರನ್ನೂ ಬಿಟ್ಟವನಲ್ಲ. ನಮ್ಮಪ್ಪ ಸಿಟ್ಟು ಬಂದಾಗ ಮೂಗಿನಿಂದ ಮಾತಾಡುವುದು, ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲವೆನ್ನುವಾಗ ಮುಗಿಲು ನೋಡುವುದು, ಕನ್ಯೆ ನೋಡಲು ಹೋದಾಗ ನಾನೇ ಚಹಾದ ಬಶಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಪೂಜಾರಿಯ ಹಾಗೆ ಕೂತಿದ್ದುದು, ಎಲ್ಲವೂ ನನ್ನ ಗಂಟಿನಲ್ಲಿವೆ. ಅಣಕಿಸುವುದೆಂದರೆ ದನಿ ಕದಿಯುವುದು ಎಂದು ಜನ ತಿಳಿದಿದ್ದಾರೆ. ದನಿ ಯಾರಿಗಾದರೂ ಬರುತ್ತದೆ. ಕದಿಯಬೇಕಾದದ್ದು ಮೈಯನ್ನು, ಎಲ್ಲಿ ತಡೆಯುತ್ತಾರೆ, ಎಲ್ಲಿ ಅವಸರ ಮಾಡುತ್ತಾರೆ, ಯಾವ ಕಾಲನ್ನು ನಂಬುತ್ತಾರೆ ಎಂಬುದನ್ನು. ಅದಕ್ಕೆ ಬಹಳ ಹೊತ್ತು ನೋಡುತ್ತ ಕೂಡಬೇಕು. ನಮ್ಮ ಮನೆತನದಲ್ಲಿ ಈರಪ್ಪ ಕಾಕಾನನ್ನು ನನ್ನಷ್ಟು ಹೊತ್ತು ನೋಡಿದವರು ಯಾರೂ ಇಲ್ಲ, ಚಿಗವ್ವನೂ ಇಲ್ಲ.

ಕಾಕಾನ ಅಣಕದಲ್ಲಿ ಎಲ್ಲರೂ ಕಾಯುವ ಭಾಗವೊಂದಿತ್ತು. ಜಾಳಿಗೆಯ ಕೆಳಗಿನ ಕೆಂಡ ಜಾಗ ಬಿಟ್ಟು ಸರಿದರೆ ಕಾಕಾ ಇಕ್ಕಳ ಹುಡುಕುವುದಿಲ್ಲ, ಬರಿಗೈಯಿಂದ ಎತ್ತುತ್ತಾರೆ. ಎತ್ತಿ, ಆ ಅಂಗೈಯಿಂದ ಈ ಅಂಗೈಗೆ, ಈ ಅಂಗೈಯಿಂದ ಆ ಅಂಗೈಗೆ ಹಾರಿಸಿ, "ಹಾ ಹಾ ಹಾ" ಎಂದು ಊದಿ, ಜಾಗಕ್ಕೆ ಒಗೆದು, ತಟ್ಟನೆ ಕಿವಿಯ ಹಾಲೆ ಹಿಡಿದುಕೊಳ್ಳುತ್ತಾರೆ. ಆ ಕುಣಿತಕ್ಕೆ ನಗದವರಿಲ್ಲ. ಈಚೆಗೆ ದೀಪಾವಳಿಗೆ ಸೂಡಿಗೆ ಹೋದಾಗ ಪಡಸಾಲೆಯಲ್ಲಿ ಅದನ್ನೇ ಮಾಡಿದೆ. ಚಿಗವ್ವ ಕಣ್ಣೊರೆಸಿಕೊಂಡು ನಕ್ಕಳು, ನಕ್ಕು, "ಅಂವ ಹಳೇ ಕಾಕಾ ಆದ್ನೋ ಬಸ್ಯಾ. ಈಗಿನ ಕಾಕಾ ಕುಣಿಯಂಗಿಲ್ಲ. ಕೆಂಡ ಕೈಯಾಗ ಹಿಡಕೊಂಡು ಮಾತಾಡಕೋತ ಕುಂಡ್ರತಾರ. ಬಿಸಿ ಹತ್ತೂದ ಇಲ್ಲ. ವೀರಭದ್ರ ದೇವರು ಅವರ ಕೈಯಾಗ ಬಂದು ಕುಂತಾನ" ಎಂದಳು. ಹೆಮ್ಮೆಯಿಂದಲೇ ಹೇಳಿದಳು. ಬಿಸಿ ತಡೆಯುವ ಕೈಗವಸಿನ ಮುಂದೆ ನನ್ನ ಬೆರಳು ನಿಂತದ್ದು ಈ ಮಾತು ನೆನಪಾಗಿ.

ವೀರಭದ್ರ ನಮ್ಮ ಮನೆದೇವರು. ಶಿವರಾತ್ರಿ ಕಳೆದ ಮೇಲೆ ಗುಡಿಯ ಮುಂದೆ ಉದ್ದಕ್ಕೆ ಕುಣಿ ತೋಡಿ, ಕಟ್ಟಿಗೆ ಸುಟ್ಟು ಕೆಂಡ ಮಾಡಿ, ಹರಕೆ ಹೊತ್ತವರು ಬರಿಗಾಲಲ್ಲಿ ಅದನ್ನು ದಾಟುತ್ತಾರೆ. ಅಗ್ಗಿ ಹಾಯುವುದು ಅನ್ನುತ್ತೇವೆ. ನಮ್ಮ ಮನೆಯಿಂದ ಹಾಯುವವರು ಕಾಕಾ. ಬೇರೆಯವರು ನಾಲ್ಕೇ ನೆಗೆತಕ್ಕೆ ದಾಟಿ ಆಚೆ ಬೀಳುತ್ತಾರೆ. ಹೋದ ವರ್ಷ ಕಾಕಾ ನೆಗೆಯಲಿಲ್ಲ. ತಮ್ಮ ಹೊಲದ ಬದುವಿನ ಮೇಲೆ ಬೆಳೆ ನೋಡುತ್ತ ನಡೆದ ಹಾಗೆ ನಡೆದರು, ನಟ್ಟನಡುವೆ ನಿಂತು ಗುಡಿಯ ಕಡೆ ತಿರುಗಿ ಕೈ ಮುಗಿದರು, ಮತ್ತೆ ನಡೆದರು. ಬಡಿಯುತ್ತಿದ್ದ ಸಮಾಳ ವಾದ್ಯದ ಸದ್ದು ಕೂಡ ಒಂದು ಗಳಿಗೆ ತಡೆಯಿತು. ಗುಡಿಯ ಹಿರಿತನ ನೋಡಿಕೊಳ್ಳುವ ಚನ್ನಪ್ಪಜ್ಜ, ಎಂಬತ್ತು ದಾಟಿದವರು, ಬಗ್ಗಿ ಕಾಕಾನ ಪಾದದ ಬೂದಿಯನ್ನು ಹಣೆಗೆ ಹಚ್ಚಿಕೊಂಡರು. ನಾನೂ ಹಚ್ಚಿಕೊಂಡೆ. ಆಮೇಲೆ, ನಾನು ನಾನೇ ಆಗಿರುವುದರಿಂದ, ಆ ನಡಿಗೆಯನ್ನು ಕಲಿತು ಊರೂರಿಗೆ ಮಾಡಿ ತೋರಿಸಿದೆ. ನೋಡಿದವರೆಲ್ಲ ಕಾಕಾನ ಹಿತ್ತಲಿಗೆ ಬಂದು, "ಕಾಕಾರ, ಒಂದ ಸಲ ಕೆಂಡ ಹಿಡದ ತೋರಸ್ರಿ" ಎಂದರು. ಕೇಳಿದಾಗಲೆಲ್ಲ ಕಾಕಾ ತೋರಿಸಿದರು. ಅವರ ಕೈಗೆ ಕೆಂಡ ಕೊಟ್ಟವನು ದೇವರೋ ಅಲ್ಲವೋ ನನಗೆ ಗೊತ್ತಿಲ್ಲ; ಆ ಕೈಗೆ ಪ್ರೇಕ್ಷಕರನ್ನು ಕೊಟ್ಟವನು ನಾನು.

ಇನ್ನೊಂದು ಸಂಗತಿ ಇತ್ತು, ಅದಕ್ಕೂ ನಾವು ನಕ್ಕಿದ್ದೆವು. ಒಂದು ಮಧ್ಯಾಹ್ನ ಕಾಕಾ ರೋಣದಿಂದ ಬಸ್ಸಿನಲ್ಲಿ ಬಂದಿಳಿದು ಮನೆಯ ತನಕ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಡೆದು ಬಂದರು. ಇನ್ನೊಂದು ಎಲ್ಲಿ ಎಂದು ಚಿಗವ್ವ ಕೇಳಿದಾಗಲೇ ಅವರು ಕೆಳಗೆ ನೋಡಿದ್ದು. "ಶಿವನ ಧ್ಯಾನದಾಗಿದ್ದೆ" ಎಂದರು. ನಾನು ಅದನ್ನೂ ಅಣಕಕ್ಕೆ ಸೇರಿಸಿಕೊಂಡೆ. ಒಂದು ಕಾಲಿಗೆ ಚಪ್ಪಲಿ, ಮುಖದಲ್ಲಿ ಧ್ಯಾನ. ಬಹಳ ನಡೆಯಿತು ಅದು.

ಎಳ್ಳಮಾಸೆ ಹಬ್ಬದ ಮರುವಾರ, ಬಿಸಿ ಹತ್ತದ ಈ ಹೊಸ ಕಾಕಾನನ್ನು ಕಲಿಯಲೆಂದೇ ಸೂಡಿಗೆ ಹೋದೆ. ಸಂಜೆಯ ಇಳಿಬಿಸಿಲು. ಕಾಕಾ ಡ್ರಮ್ಮಿನ ಆಚೆ, ನಾನು ಈಚೆ. ತಾವು ಹುಡುಗರಿದ್ದಾಗ ಮನೆಯಲ್ಲಿದ್ದ ಎತ್ತೊಂದು ಗಾಣದವರ ಮನೆಗೆ ನುಗ್ಗಿ ಹಿಂಡಿ ತಿಂದು ಬಂದ ಕಥೆ ಹೇಳುತ್ತಿದ್ದರು. ಜಾಳಿಗೆಯ ಮೇಲೆ ಎರಡು ಬದನೆಕಾಯಿ, ಒಂದಿಷ್ಟು ಉಳ್ಳಾಗಡ್ಡಿ. ಕಥೆಯಲ್ಲಿ ಎತ್ತು ಹಗ್ಗ ಹರಿದುಕೊಂಡ ಹೊತ್ತಿಗೆ ನನಗೆ ಒಂದು ವಾಸನೆ ಬಂತು. ಬದನೆಕಾಯಿಯ ವಾಸನೆ ನನಗೆ ಗೊತ್ತು, ಉಳ್ಳಾಗಡ್ಡಿಯದೂ ಗೊತ್ತು. ಇದು ಅವೆರಡೂ ಅಲ್ಲ. ದೀಪಕ್ಕೆ ಬಗ್ಗಿದಾಗ ಕೂದಲು ಸೀದಂಥ ವಾಸನೆ, ಅದಕ್ಕಿಂತ ದಪ್ಪ. ಹುಡುಕುತ್ತ ಹೋದ ನನ್ನ ಕಣ್ಣು ಕಾಕಾನ ಎಡಗೈಯ ಮೇಲೆ ನಿಂತಿತು. ಕಿರುಬೆರಳಿನ ಬದಿ ಕಬ್ಬಿಣದ ಜಾಳಿಗೆಯ ಅಂಚಿಗೆ ಆತುಕೊಂಡಿತ್ತು, ಬಾಗಿಲ ಕಟ್ಟೆಯ ಮೇಲೆ ಕೈಯೂರಿದಷ್ಟು ಆರಾಮಾಗಿ. ಕಾಕಾ ಎತ್ತಿನ ಬಗ್ಗೆ ಮಾತಾಡುತ್ತಲೇ ಇದ್ದರು.

"ಕಾಕಾ, ಕೈ" ಎಂದೆ.

ಅವರು ಆ ಕೈಯನ್ನು ನೋಡಿದ ರೀತಿಯನ್ನು ನಾನು ಈ ಜನ್ಮದಲ್ಲಿ ಯಾರ ಮುಂದೆಯೂ ಮಾಡಿ ತೋರಿಸಲಾರೆ. ಬಸ್ಸಿನಲ್ಲಿ ಪಕ್ಕದವರು ಮರೆತು ಇಳಿದುಹೋದ ಚೀಲವನ್ನು ನೋಡುತ್ತೇವಲ್ಲ, ಹಾಗೆ. ಎತ್ತಿದರು. ಜಾಳಿಗೆಗೆ ಏನೋ ಚೂರು ಅಂಟಿಕೊಂಡೇ ಉಳಿಯಿತು. ಊದಿಕೊಳ್ಳಲಿಲ್ಲ, ಕಿವಿಯ ಹಾಲೆ ಹಿಡಿಯಲಿಲ್ಲ. ಕೈಯನ್ನು ಧೋತರದ ಮಡಿಕೆಯೊಳಗೆ ಸರಿಸಿ, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಬಹಳ ಸಣ್ಣ ದನಿಯಲ್ಲಿ, "ನಿಮ್ಮ ಚಿಗವ್ವಗ ಹೇಳಬ್ಯಾಡ" ಎಂದರು. ಎತ್ತಿನ ಕಥೆಯನ್ನು ಮುಗಿಸಲಿಲ್ಲ.

ಅಂದಿನಿಂದ ನನಗೆ ಅಂಜಿಕೆ ಹತ್ತಿತು. ಹಾವು ಕಂಡಾಗಿನ ಅಂಜಿಕೆಯಾದರೆ ಓಡಬಹುದು. ಇದು ಹಾಗಲ್ಲ, ಅಂಗಡಿಯಲ್ಲಿ ಸೀರೆ ಮಡಿಸುವಾಗ, ಚಹಾ ಗ್ಲಾಸು ಹಿಡಿದಾಗ, ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುವಂಥದ್ದು. ಬಿಸಿ ಗ್ಲಾಸನ್ನು ಬೆರಳು ತಾನಾಗಿಯೇ ಬಿಟ್ಟಾಗ, ಇದು ಎಷ್ಟು ದೊಡ್ಡ ಉಪಕಾರ ಎಂದು ಮೊದಲ ಸಲ ಅನ್ನಿಸಿತು. ನೋವನ್ನು ನಾವು ವೈರಿ ಅಂದುಕೊಂಡಿದ್ದೇವೆ. ಅದು ಮೈಯೆಂಬ ಊರಿನ ಡಂಗುರದವನು. ಡಂಗುರದವನು ಸತ್ತ ಊರಿನಲ್ಲಿ ಬಣವೆಗೆ ಬೆಂಕಿ ಬಿದ್ದರೂ ಜನ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಫೋನಿನಲ್ಲಿ ಮತ್ತೆ ಹುಡುಕಿದೆ, ಈ ಸಲ ಉಡುಗೊರೆಯನ್ನಲ್ಲ. ಸಕ್ಕರೆ ಕಾಯಿಲೆ ಬಹಳ ವರ್ಷ ಕೂತರೆ ಕೈಕಾಲಿನ ನರಗಳನ್ನು ತಿನ್ನುತ್ತದೆ, ಚಪ್ಪಲಿ ಜಾರಿದರೂ ತಿಳಿಯುವುದಿಲ್ಲ, ಗಾಯವಾದರೂ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಬೆರಳು ಕಪ್ಪಾಗಿರುತ್ತದೆ, ಕಡೆಗೆ ಕತ್ತರಿಸಬೇಕಾಗುತ್ತದೆ ಎಂದು ಅಲ್ಲಿ ಬರೆದಿತ್ತು. ಚಪ್ಪಲಿಯ ಮಾತು ಓದಿದಾಗ ಫೋನನ್ನು ಬೋರಲು ಹಾಕಿದೆ. ನಾವು ನಕ್ಕದ್ದೆಲ್ಲ ಒಂದೊಂದಾಗಿ ನೆನಪಾಯಿತು. ಮತ್ತೆ ಅಗ್ಗಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಈ ವರ್ಷ ಕಾಕಾ ಕೆಂಡದ ನಡುವೆ ನಿಂತು ಐದು ಸಲ ಕೈ ಮುಗಿಯುತ್ತಾರಂತೆ ಎಂದು ಊರಲ್ಲಿ ಆಗಲೇ ಮಾತು ಹಬ್ಬಿತ್ತು.

ಹೇಳಿಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಕಾಕಾನ ಮಾತು ಮೀರಿ ಹೇಳಲು ಹೋದೆ. ಚಿಗವ್ವನಿಗೆ ಫೋನು ಮಾಡಿ, ನಗೆಯ ಸುಳಿವಿಲ್ಲದ ದನಿಯಲ್ಲಿ, "ಚಿಗವ್ವಾ, ಅದು ದೇವರಲ್ಲ, ಸಕ್ಕರಿ ಬ್ಯಾನಿ. ಕಾಕಾನ್ನ ದವಾಖಾನಿಗೆ ಕರಕೊಂಡು ಹೋಗಬೇಕು" ಎಂದೆ. ಆಕೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಇದ ಯಾರ ದನಿಲೇ ಬಸ್ಯಾ? ಗುರ್ತ ಸಿಗವಲ್ದಲ್ಲ. ಹೊಸಾ ಡಾಕ್ಟರಂದೇನು?" ಎಂದು ನಕ್ಕಳು. ಅದು ನನ್ನದೇ ದನಿಯಾಗಿತ್ತು. ಊರವರೆಲ್ಲರ ದನಿಯಲ್ಲಿ ಮಾತಾಡಿ ನಗಿಸಿದವನು ಒಂದು ದಿನ ತನ್ನ ದನಿಯಲ್ಲಿ ಖರೇ ಮಾತು ಆಡಿದರೆ ಅದು ಯಾರದೆಂದು ಗುರುತು ಹಿಡಿಯುವವರೇ ಇರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಅಪ್ಪನ ಹತ್ತಿರ ಹೋದರೆ ಇದೇ ಕಥೆ. ಅವರು ತಲೆಯೆತ್ತದೆ, "ಅಂಗಡ್ಯಾಗ ನಾಟಕ ಬ್ಯಾಡ" ಎಂದರು.

ಬಾಯಿ ಹೇಳಲಾರದ್ದನ್ನು ಸಾಮಾನು ಹೇಳೀತು ಎಂಬ ಆಸೆಯಿಂದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಒಂದು ಮಾರುದ್ದದ ಕಬ್ಬಿಣದ ಇಕ್ಕಳ, ವೆಲ್ಡಿಂಗಿನವರು ಹಾಕುವ ದಪ್ಪ ತೊಗಲಿನ ಕೈಗವಸು ಆರಿಸಿದೆ. ಅಂಗಡಿಯ ಸಾಹೇಬರು ಯಾರಿಗೆಂದು ಕೇಳಿದರು. ಸೂಡಿ ಕಾಕಾಗ್ರಿ ಎಂದೆ.

"ಈರಪ್ಪನ ಕೈಗೆ ಈ ಚೀಲಾ? ಮೀನಕ್ಕ ಛತ್ರಿ ಕೊಟ್ಟಂಗಾತಲ್ಲಪಾ" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀ ಮಸ್ಕಿರಿಗೆ ಒಯ್ಯಾಕ ಹತ್ತೀ ಬಿಡು" ಎಂದು ತಾವೇ ಸಮಾಧಾನ ಮಾಡಿಕೊಂಡು ಕಾಗದದಲ್ಲಿ ಸುತ್ತಿಕೊಟ್ಟರು.

ಸೀತನಿಯ ದಿನ ಬಂತು. ಮುಂಜಾನೆಯ ಚಳಿ ಇನ್ನೂ ಹೊಲದ ಮೇಲಿತ್ತು. ಬನ್ನಿಮರದ ಕೆಳಗೆ ಜಮಖಾನೆ ಹಾಸಿ ನೆಂಟರೆಲ್ಲ ಕೂತಿದ್ದರು. ಆಚೆ ಕುಣಿಯಲ್ಲಿ ಕುಳ್ಳು ಉರಿದು ಕೆಂಡವಾಗಿತ್ತು. ಎಲ್ಲರ ಮುಂದೆ ಕಾಗದ ಬಿಚ್ಚಿದಾಗ ದೊಡ್ಡ ನಗೆ. ಇದು ಬಸ್ಯಾನ ಹೊಸ ಹುಡುಗಾಟ ಎಂದೇ ಎಲ್ಲರೂ ತಿಳಿದರು. ಕಾಕಾ ಕೈಗವಸನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಎಡಗೈಯ ಕಿರುಬೆರಳಿಗೆ ಅರಿವೆ ಸುತ್ತಿತ್ತು. ನನ್ನನ್ನು ಒಂದು ಗಳಿಗೆ ನೋಡಿ, ನಗುವವರ ಕಡೆ ತಿರುಗಿ, "ಇದನ್ನ ಹೋರಿ ಕೊಂಬಿಗೆ ಹಾಕೂಣು, ಬೇಸ ಒಪ್ಪತೈತಿ" ಎಂದರು. ಮತ್ತೆ ನಗೆ. ಇಕ್ಕಳವನ್ನು ಪಕ್ಕಕ್ಕೆ ಸರಿಸಿ ಬರಿಗೈಯನ್ನೇ ಕೆಂಡಕ್ಕೆ ಚಾಚಿ ಮೊದಲ ತೆನೆಗಳನ್ನು ಹೊರಗೆಳೆದರು. ಜನ ಭೇಷ್ ಎಂದರು.

"ಬಸ್ಯಾ, ಕಾಕಾನ್ನ ಮಾಡಲೇ" ಎಂದು ನರಗುಂದದ ಅತ್ತೆ ಕೂಗಿದಳು. ಎದ್ದು ನಿಂತೆ. ಈ ಸಲ ಹೊಸ ಕಾಕಾನನ್ನು ಮಾಡುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಖರೇ ಕೆಂಡ ಹಿಡಿದು, ಸುಡುವುದು ಎಂದರೇನೆಂದು ಇವರ ಕಣ್ಣಿಗೆ ಕಾಣಿಸುತ್ತೇನೆ ಎಂದು. ಕುಣಿಯ ಅಂಚಿನಿಂದ ಹುಣಸೆಬೀಜದಷ್ಟು ಕೆಂಡವನ್ನು ಬರಿ ಬೆರಳಲ್ಲಿ ಎತ್ತಿಕೊಂಡು, ಕಾಕಾನ ದನಿಯಲ್ಲಿ, ಆ ಎತ್ತಿನ ಕಥೆ ಶುರುಮಾಡಿದೆ. "ನಮ್ಮ ಮನ್ಯಾಗ ಒಂದ ಎತ್ತ ಇತ್ತು" ಎಂಬಲ್ಲಿಗೆ ಒಂದು ವಾಕ್ಯ ಮುಗಿಯಿತು. ಎರಡನೆಯದು ಮುಗಿಯಲಿಲ್ಲ. ನನ್ನ ಕೈ ನನ್ನನ್ನು ಕೇಳದೆ ಕೆಂಡವನ್ನು ಒಗೆಯಿತು, ಬಾಯಿ ನನ್ನನ್ನು ಕೇಳದೆ ಚೀರಿತು. ಜನ ಬಿದ್ದು ಬಿದ್ದು ನಕ್ಕರು. ಇಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲವಂತೆ.

ಮರದ ಆಚೆ ನೀರಿನ ಕೊಡವಿತ್ತು. ಅದರೊಳಗೆ ಕೈ ಮುಳುಗಿಸಿ, ಕಣ್ಣಲ್ಲಿ ಬಂದ ನೀರು ಯಾರಿಗೂ ಕಾಣದ ಹಾಗೆ ಕುಕ್ಕುರುಗಾಲಲ್ಲಿ ಕೂತೆ. ಹಿಂದಿನಿಂದ ಕಾಕಾ ಬಂದು ಪಕ್ಕದಲ್ಲಿ ಕೂತರು.

"ಭಾಳ ಉರಿತೈತೇನಲೇ?"

"ಹೌದ್ರಿ."

ನೀರಿನಲ್ಲಿದ್ದ ನನ್ನ ಬೆರಳಿನ ಕಡೆ ಬಗ್ಗಿ, "ಹ್ಯಾಂಗ ಉರಿತೈತಿ?" ಎಂದರು.

ನನ್ನನ್ನು ಕಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ಕಾಡುವ ಮುಖ ಅದಾಗಿರಲಿಲ್ಲ. "ಖರೇ ಹೇಳು, ಅಣಕ ಬ್ಯಾಡ. ನನಗ ಮರತಂಗ ಆಗೇತಿ" ಎಂದರು. ಎಂದು, ತಮ್ಮ ಬಲಗೈಯನ್ನೂ ಅದೇ ಕೊಡದಲ್ಲಿ ಇಳಿಬಿಟ್ಟು, "ಈ ನೀರು ತಣ್ಣಗ ಅದಾವೇನು?" ಎಂದು ಕೇಳಿದರು.

ಚಳಿಗಾಲದ ಬೆಳಗಿನ ಆ ನೀರು ನನ್ನ ಗೆಣ್ಣು ಗೆಣ್ಣು ಜುಮ್ಮೆನ್ನುವಷ್ಟು ತಣ್ಣಗಿತ್ತು. ಹೌದ್ರಿ ಕಾಕಾ, ಭಾಳ ತಣ್ಣಗ ಅದಾವು ಎಂದೆ. ತಾವು ಕಾಣದ ದೂರದ ಊರೊಂದರ ಸುದ್ದಿ ಕೇಳಿದವರ ಹಾಗೆ ತಲೆಯಾಡಿಸಿದರು. ಆಮೇಲೆ ಕೊಡದ ನೀರಿಗೇ ಹೇಳುತ್ತಿರುವಂತೆ ಹೇಳಿದರು: "ಹ್ವಾದ ವರ್ಷ ಅಗ್ಗಿಯೊಳಗ ಅಂಜಕೋತನ ಕಾಲಿಟ್ಟೆ. ಬಿಸಿ ಹತ್ತಲಿಲ್ಲ. ಜನಾ ದೇವರು ಅಂದ್ರು, ನಾನೂ ದೇವರ ಅಂತ ತಿಳದೆ. ನಡುವ ನಿಂತು ಕೈ ಮುಗದೆ. ಆಮ್ಯಾಲೆ ಚಪ್ಪಲಿ ಹೋತು. ದೇವರು ನನ್ನ ಚಪ್ಪಲಿ ಯಾಕ ಒಯ್ತಾನಲೇ ಬಸ್ಯಾ?"

ಇಷ್ಟು ದಿನ ಅವರು ಒಬ್ಬರೇ ಅಂಜಿಕೊಂಡಿದ್ದರು. ಊರು ಪಾದ ಹಿಡಿಯುವಾಗ, ನಾನು ಅವರ ನಡಿಗೆಯನ್ನು ನಡೆದು ಚಪ್ಪಾಳೆ ಗಿಟ್ಟಿಸುವಾಗ, ಅವರು ತಮ್ಮ ಪಾದದ ಕಡೆ ನೋಡಿಕೊಳ್ಳಲೂ ಹೆದರಿ ದಿನ ಕಳೆಯುತ್ತಿದ್ದರು. ದೇವರು ಬಂದಿದ್ದಾನೆ ಎನ್ನುವವರ ನಡುವೆ ನಿಂತು, ಅಲ್ಲ, ನನ್ನಿಂದ ಏನೋ ಹೋಗಿದೆ ಎನ್ನುವುದು ಎಷ್ಟು ಕಷ್ಟ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ, ಕನ್ನಡಕ ಮಾಡಿಸಲು ಹೋಗುತ್ತೇವೆಂದು ಚಿಗವ್ವನಿಗೆ ಹೇಳಿ ಇಬ್ಬರೂ ರೋಣದ ದವಾಖಾನೆಗೆ ಹೋದೆವು. ಡಾಕ್ಟರಬಾಯಿ ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಕಾಕಾನನ್ನು ಮಲಗಿಸಿ, ಎಡಪಾದದ ಬೆರಳುಗಳನ್ನು ಬಿಡಿಸಿ ನೋಡಿದರು. ಅಲ್ಲಿ, ಬೆರಳ ಸಂದಿಯಲ್ಲಿ, ನಾವ್ಯಾರೂ ನೋಡಿರದ ಹುಣ್ಣೊಂದು ಎಷ್ಟು ದಿನದಿಂದಲೋ ಬಾಯಿ ತೆರೆದು ಕೂತಿತ್ತು. ಆಮೇಲೆ ಅವರು ಮೀನಿನ ಗಾಳದ ದಾರದಂಥ ಒಂದು ಎಳೆಯನ್ನು ತೆಗೆದುಕೊಂಡು, "ಅಜ್ಜಾರ, ಕಣ್ಣ ಮುಚ್ರಿ. ನಾ ಪಾದ ಮುಟ್ಟತೇನಿ. ಗೊತ್ತಾದಾಗ ಹೂಂ ಅನ್ರಿ" ಎಂದರು.

ಕಾಕಾ ಕಣ್ಣು ಮುಚ್ಚಿದರು. ಎಳೆ ಹಿಮ್ಮಡಿಗೆ ತಾಗಿತು. "ಹೂಂ" ಎಂದರು. ಹೆಬ್ಬೆರಳಿಗೆ ತಾಗಿತು. "ಹೂಂ." ನನ್ನ ಎದೆ ಹಗುರಾಯಿತು, ಫೋನಿನಲ್ಲಿ ಓದಿದ್ದೆಲ್ಲ ಸುಳ್ಳಾಗಲಿ ಎಂದುಕೊಂಡೆ. ಮತ್ತೊಮ್ಮೆ "ಹೂಂ." ಆಗ ಡಾಕ್ಟರಬಾಯಿ ನನ್ನ ಕಡೆ ನೋಡಿ, ಎಳೆ ಹಿಡಿದ ಕೈಯನ್ನು ಪಾದದಿಂದ ಗೇಣು ದೂರ ಎತ್ತಿ ಹಿಡಿದು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಕಾಕಾ, ಅದೇ ಹದದಲ್ಲಿ, "ಹೂಂ" ಎಂದರು. ಇನ್ನಷ್ಟು ಹೊತ್ತು ಕಳೆದು, ಮತ್ತೆ, "ಹೂಂ."

ನಾನು ಊರವರ ಮೈಯನ್ನೆಲ್ಲ ಕದ್ದು ಅಣಕಿಸಿದವನು. ಆ ಮಂಚದ ಮೇಲೆ ಮಲಗಿದ್ದವರು ಇಲ್ಲದ ನೋವನ್ನು, ತಮ್ಮದೇ ಹಳೆಯ ಪಾದವನ್ನು ಅಣಕಿಸುತ್ತಿದ್ದರು. ಕಡೆಗೆ ಕಣ್ಣು ತೆರೆದರು, ಗಾಳಿಯಲ್ಲಿ ನಿಂತ ಎಳೆಯನ್ನು ನೋಡಿದರು, ಮೆಲ್ಲಗೆ ಧೋತರವನ್ನು ಪಾದದ ಮೇಲೆ ಎಳೆದುಕೊಂಡರು.

ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಗುಳಿಗೆ ಬರೆಸಿಕೊಂಡು, ದಿನಾ ಪಾದ ನೋಡಿಕೊಳ್ಳಬೇಕು, ಬರಿಗಾಲಲ್ಲಿ ಮನೆಯೊಳಗೂ ನಡೆಯಬಾರದು ಎಂಬ ಮಾತು ಕೇಳಿಕೊಂಡು ಹೊರಗೆ ಬಂದೆವು. ಕೆಂಡದ ಮಾತನ್ನು ಡಾಕ್ಟರಬಾಯಿ ಎತ್ತಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಬೇವಿನಮರದ ಕಟ್ಟೆಯ ಮೇಲೆ ಕಾಕಾ ಬಹಳ ಹೊತ್ತು ಕೂತರು. ಆಮೇಲೆ, "ಚನ್ನಪ್ಪಜ್ಜಗ ಫೋನ್ ಹಚ್ಚು. ಈ ಸಲ ಅಗ್ಗಿ ಹಾಯಂಗಿಲ್ಲ ಅಂತ ಹೇಳು" ಎಂದರು.

"ನೀವ ಹೇಳ್ರಿ ಕಾಕಾ. ನಾ ಹೇಳಿದ್ರ ಯಾರ ನಂಬತಾರ?"

"ನನ್ನ ಬಾಯಿಲೆ ಹೊರಡವಲ್ದೋ. ನೀ ನನ್ನ ದನಿಲೆ ಮಾತಾಡ್ತಿಯಲ್ಲ, ಹಂಗ ಹೇಳು."

ಎಷ್ಟು ಸಲ ಆ ದನಿಯಲ್ಲಿ ಮಾತಾಡಿದ್ದೆನೋ ಲೆಕ್ಕವಿಲ್ಲ. ಅವರ ಪಕ್ಕದಲ್ಲೇ ಕೂತು, ಅವರು ಕೇಳುತ್ತಿರುವಾಗ, ನಗಿಸುವ ಉದ್ದೇಶವಿಲ್ಲದೆ ಆಡುವುದು ಇದೇ ಮೊದಲು. ನಂಬರು ಒತ್ತುವಾಗ ಸುಟ್ಟ ಬೆರಳು ಚುರುಗುಟ್ಟಿತು. ಆ ಕಡೆ ಚನ್ನಪ್ಪಜ್ಜ ಎತ್ತಿಕೊಂಡರು. ಗುಡಿಯ ಅಂಗಳದಲ್ಲಿದ್ದಿರಬೇಕು, ಹಿಂದೆ ಯಾರೋ ಕಟ್ಟಿಗೆ ಕಡಿಯುವ ಸದ್ದು.

"ಯಜ್ಜಾ, ನಾ ಈರಪ್ಪ" ಎಂದೆ. ದನಿ ಕೂತಿತು, ಎಂದೂ ಕೂಡದಷ್ಟು ಸರಿಯಾಗಿ ಕೂತಿತು. "ಈ ಸಲ ನನ್ನ ಕಡಿಂದ ಅಗ್ಗಿ ಹಾಯೂದು ಆಗೂದಿಲ್ರಿ."

ಕಟ್ಟಿಗೆ ಕಡಿಯುವವನಿಗೆ ತಡೆ ಎಂದು ಹೇಳಿದ್ದು ಕೇಳಿಸಿತು. ಆಮೇಲೆ ಚನ್ನಪ್ಪಜ್ಜ ಮೆತ್ತಗೆ, "ಯಾಕೋ ಈರಪ್ಪಾ?" ಎಂದರು.

ಕಾಕಾನ ಕಡೆ ನೋಡಿದೆ. ಅವರು ಬಿಳಿ ಪಟ್ಟಿ ಸುತ್ತಿದ ತಮ್ಮ ಪಾದವನ್ನು ನೋಡುತ್ತಿದ್ದರು. ಸಕ್ಕರೆಯೆನ್ನಲೇ, ಹುಣ್ಣೆನ್ನಲೇ, ದೇವರು ಕೈಬಿಟ್ಟನೆನ್ನಲೇ ಎಂದು ತಡಕಾಡುತ್ತಿರುವಾಗ ನನ್ನ ಬಾಯಿಂದ ಅವರ ದನಿ ತಾನಾಗಿಯೇ ಹೊರಬಿತ್ತು: "ಅಂಜಿಕಿ ಬಂದೈತ್ರಿ ಯಜ್ಜಾ."

ಅದು ನನ್ನ ಅಂಜಿಕೆಯೋ ಅವರದೋ ನನಗೆ ಈಗಲೂ ಬಗೆಹರಿದಿಲ್ಲ. ಕಾಕಾ ನನ್ನನ್ನು ತಡೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಪಕ್ಕದಲ್ಲಿ ಕೂತು ತಮ್ಮದೇ ದನಿಯನ್ನು ಕಡೆಯ ತನಕ ಕೇಳಿಸಿಕೊಂಡು, ಬಹಳ ಮೆಲ್ಲಗೆ, ಯಾರೂ ಮುಟ್ಟದೆಯೇ, "ಹೂಂ" ಎಂದರು.